ಹಿಂದೆ ಸರಿದ ಸಮುದ್ರ, ಮುಂದೆ ನಡೆದ ನಾವು

ದೇವರಿದ್ದಾನೋ ಇಲ್ಲವೋ ಎಂಬ ವಿಷಯದ ಮೇಲೆ ಒಂದು ವರ್ಷ ಪರವಾಗಿ, ಮರುವರ್ಷ ವಿರೋಧವಾಗಿ ಮಾತಾಡಿ ಎರಡೂ ಸಲ ಬಹುಮಾನ ಹೊಡೆದವಳು ನಾನು. ಮೈಸೂರಿನ ನಮ್ಮ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಎಂದರೆ ಚೈತ್ರಾ, ಚೈತ್ರಾ ಎಂದರೆ ತಲೆನೋವು ಎಂದು ಮೇಷ್ಟ್ರುಗಳೇ ಒಪ್ಪಿಕೊಂಡಿದ್ದರು. ಖಾಸಗಿಯಾಗಿ ಕೇಳಿದರೆ ನಾನು ವಿರೋಧ ಪಕ್ಷದವಳು. ಇಂಥವಳ ಹೆಗಲ ಮೇಲೆ ಗಣಪತಿ ವಿಸರ್ಜನೆಯ ಜವಾಬ್ದಾರಿ ಬಿದ್ದದ್ದು ಹೇಗೆ ಎಂದು ನೀವು ಕೇಳಬಹುದು. ಬೀಳಲಿಲ್ಲ. ನಾನೇ ಕಿತ್ತುಕೊಂಡೆ.

ಕೊರೊನಾದ ಮೊದಲ ವರ್ಷ ಅದು. ಚಳಿಗಾಲದ ಕೊನೆಗೆ ನಮ್ಮತ್ತೆ ತುಮಕೂರಿನಿಂದ ಡಬ್ಲಿನ್‌ಗೆ, ಟಾಲಾ ಬಡಾವಣೆಯ ನಮ್ಮ ಬಾಡಿಗೆ ಮನೆಗೆ, ಒಂದಿಷ್ಟು ದಿನ ಇದ್ದು ಹೋಗಲು ಬಂದರು. ವಿಮಾನಗಳು ನಿಂತವು. ಅತ್ತೆಯೂ ನಿಂತರು. ಎಪ್ಪತ್ತು ದಾಟಿದವರೆಲ್ಲ ರೇಷ್ಮೆ ಹುಳುವಿನ ಹಾಗೆ ಗೂಡೊಳಗೆ ಇರಬೇಕು ಎಂದು ಇಲ್ಲಿನ ಸರಕಾರ ಹೇಳಿ, ಅದಕ್ಕೆ 'ಕಕೂನಿಂಗ್' ಎಂದೇ ಹೆಸರಿಟ್ಟಿತು. ಅದನ್ನು ನಾನು ಕನ್ನಡಿಸಿ ಹೇಳಿದಾಗ ಅತ್ತೆ, "ಹುಳಾನ ಕೊನೇಲಿ ಬಿಸಿನೀರಿಗೆ ಹಾಕ್ತಾರೆ, ಅದನ್ನೂ ಹೇಳಿದ್ರಾ?" ಎಂದು ಕೇಳಿ ಬಾಗಿಲು ಹಾಕಿಕೊಂಡರು. ಆಮೇಲೆ ತಿಂಗಳುಗಟ್ಟಲೆ ಅವರು ಏನನ್ನೂ ಕೇಳಲಿಲ್ಲ. ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಎದುರು ಮನೆಯ ಬೆಕ್ಕನ್ನು ನೋಡುತ್ತಿದ್ದರು. ಬೆಕ್ಕು ಅವರನ್ನು ನೋಡುತ್ತಿತ್ತು.

ಗೌರಿ ಹಬ್ಬ ಹತ್ತಿರ ಬಂದಾಗ ಮಾತ್ರ ಅವರಲ್ಲಿ ಜೀವ ಬಂತು. ಮಕ್ಕಳ ಕೈಕೆಲಸಕ್ಕೆಂದು ಆನ್‌ಲೈನಿನಲ್ಲಿ ಮಾರುವ ಜೇಡಿಮಣ್ಣು ತರಿಸಿಕೊಂಡು, ಅಡುಗೆಮನೆಯ ಮೇಜಿನ ಮೇಲೆ ಒಂದು ಗೇಣುದ್ದದ ಗಣಪತಿಯನ್ನು ಮಾಡಿದರು. ಕಣ್ಣಿಗೆ ಕಾಳುಮೆಣಸು. ಸೊಂಡಿಲು ಎರಡು ಸಲ ಬಿತ್ತು, ಎರಡು ಸಲ ಅಂಟಿಸಿದರು. ಶನಿವಾರ ಪೂಜೆ ಮುಗಿಸಿ, ನನ್ನ ಗಂಡ ಗಿರೀಶನನ್ನು ಕರೆದು, ತಮ್ಮ ಒಂದೇ ಒಂದು ಆಸೆಯನ್ನು ಮುಂದಿಟ್ಟರು. ಈ ಗಣಪತಿಯನ್ನು ಬಕೆಟ್ಟಿನಲ್ಲಿ ಬಿಡಬಾರದು. ದೊಡ್ಡ ನೀರಿಗೆ ಬಿಡಬೇಕು.

ನಾನು ಸುಮ್ಮನಿರಬಹುದಿತ್ತು. ನೀರು ಎಂದರೆ ನೀರೇ, ಬಕೆಟ್ಟಿನಲ್ಲಿರುವುದಕ್ಕೂ ಸಮುದ್ರದಲ್ಲಿರುವುದಕ್ಕೂ ಉಪ್ಪೊಂದೇ ವ್ಯತ್ಯಾಸ, ಬೇಕಾದರೆ ಒಂದು ಹಿಡಿ ಉಪ್ಪು ಹಾಕೋಣ ಎಂದು ವಾದ ಮಂಡಿಸಿದೆ.

"ಹೋದ ವಾರ ಅದೇ ಬಕೆಟ್ಟಲ್ಲಿ ಗಿರಿ ಚಡ್ಡಿ ನೆನೆಸಿದ್ನಲ್ಲಮ್ಮ" ಎಂದರು ಅತ್ತೆ.

ಅತ್ತೆ ಅಷ್ಟಕ್ಕೇ ಬಿಡಲಿಲ್ಲ. ಮಗನ ಕಡೆ ತಿರುಗಿ ಮೆಲ್ಲಗೆ, "ಅವಳಿಗೆ ತೊಂದ್ರೆ ಕೊಡಬೇಡ ಕಣೋ, ನಂಬಿಕೆ ಇಲ್ದೋರ ಕೈಲಿ ಇದೆಲ್ಲ ಆಗಲ್ಲ" ಎಂದರು. ಅಲ್ಲಿಗೆ ನನ್ನ ವೃತ್ತಿಗೌರವಕ್ಕೆ ಬಿಸಿ ತಾಗಿತು. ನಾಸ್ತಿಕರಿಗೆ ವ್ಯವಸ್ಥೆ ಮಾಡಲು ಬರುವುದಿಲ್ಲವೇ? ಎದ್ದು ನಿಂತು ಘೋಷಿಸಿದೆ: ನಂಬಿಕೆ ನಿಮ್ಮದಿರಲಿ, ವ್ಯವಸ್ಥೆ ಪೂರ್ತಿ ನನ್ನದು. ಜಾಗ ನಾನು ಹೇಳುತ್ತೇನೆ, ಹೊತ್ತು ನಾನು ಹೇಳುತ್ತೇನೆ, ಯಾರಾದರೂ ಆಕ್ಷೇಪ ಎತ್ತಿದರೆ ಉತ್ತರವನ್ನೂ ನಾನೇ ಹೇಳುತ್ತೇನೆ.

ಜಾಗ ಸ್ಯಾಂಡಿಮೌಂಟ್ ಎಂದು ನಿಶ್ಚಯವಾಯಿತು. ಊರೊಳಗೇ ಇರುವ ಕಡಲತೀರ. ಅತ್ತೆಯ ವಯಸ್ಸಿಗೆ ಜನಸಂದಣಿ ಅಪಾಯವಾದ್ದರಿಂದ ಜನ ಇಲ್ಲದ ಹೊತ್ತೇ ಬೇಕಿತ್ತು. ಆಫೀಸಿನ ನನ್ನ ಸಹೋದ್ಯೋಗಿಯೊಬ್ಬಳು ಆ ತೀರದಲ್ಲಿ ಈಜುವವಳು. ಈ ವಾರ ಮಧ್ಯಾಹ್ನವಾದರೆ ಕಾಲಿಡಲು ಜಾಗವಿರುವುದಿಲ್ಲ, ಬೆಳಿಗ್ಗೆ ಒಂದು ನರಪಿಳ್ಳೆ ಇರುವುದಿಲ್ಲ ಎಂದಿದ್ದಳು. ನಾನು ತರ್ಕ ಹೂಡಿದೆ. ಜನ ಸೋಮಾರಿಗಳು, ಬೆಳಿಗ್ಗೆ ಏಳುವುದಿಲ್ಲ, ಆದ್ದರಿಂದ ತೀರ ಖಾಲಿ. ಈಜುವವರು ಬೆಳಿಗ್ಗೆ ಬರದಿರಲು ಬೇರೆ ಕಾರಣವೂ ಇರಬಹುದು ಎಂದು ನನಗೆ ಹೊಳೆಯಲಿಲ್ಲ. ಎದುರು ಪಕ್ಷದವರು ಇದ್ದಿದ್ದರೆ ಹೊಳೆಯುತ್ತಿತ್ತು.

ವಿಸರ್ಜನೆ ಸಂಜೆ ಹೊತ್ತು ಮಾಡುವುದು ಎಂದು ಅತ್ತೆ ಗೊಣಗಿದರು. ನಮಗೆ ಬೆಳಿಗ್ಗೆಯಾದಾಗ ಜಪಾನಿನಲ್ಲಿ ಸಂಜೆ, ಜಪಾನಿನಲ್ಲೂ ಗಣಪತಿಯ ಗುಡಿಗಳಿವೆ ಎಂದು ಅವರ ಬಾಯಿ ಮುಚ್ಚಿಸಿದೆ. ಆ ರಾತ್ರಿ ಮಲಗುವ ಮುನ್ನ, ನೀರಿಗೆ ವಿಗ್ರಹ ಬಿಡುವುದನ್ನು ನೋಡಿ ಯಾರಾದರೂ ಜಗಳಕ್ಕೆ ಬಂದರೆ ಇರಲಿ ಎಂದು ಇಂಗ್ಲಿಷಿನಲ್ಲಿ ಒಂದು ಭಾಷಣ ಸಿದ್ಧಮಾಡಿಕೊಂಡೆ. ಬಣ್ಣವಿಲ್ಲದ ಮಣ್ಣು, ಕರಗುವ ವಸ್ತು, ಧರ್ಮಸ್ವಾತಂತ್ರ್ಯ. ತಯಾರಿ ಪರಿಪೂರ್ಣವಾಗಿತ್ತು.

ಭಾನುವಾರ ಬೆಳಿಗ್ಗೆ ಸಮುದ್ರಕ್ಕೆದುರಾಗಿರುವ ಮನೆಗಳ ಸಾಲಿನಲ್ಲಿ ಕಾರು ನಿಲ್ಲಿಸಿ, ಸ್ಟೀಲ್ ತಟ್ಟೆಯಲ್ಲಿ ಗಣಪತಿಯನ್ನು ಹಿಡಿದ ಗಿರೀಶ, ರೇಷ್ಮೆ ಸೀರೆಯ ಮೇಲೆ ಸ್ವೆಟರ್, ಹೆಗಲಿಗೆ ಕಡುಬಿನ ಡಬ್ಬಿಯ ಚೀಲ ಹಾಕಿಕೊಂಡ ಅತ್ತೆ, ಮುಂದಾಳಾಗಿ ನಾನು, ರಸ್ತೆ ದಾಟಿ ತೀರಕ್ಕೆ ಬಂದೆವು. ಹೇಳಿದ ಹಾಗೆ ಜನ ಇರಲಿಲ್ಲ.

ಸಮುದ್ರವೂ ಇರಲಿಲ್ಲ.

ಕಣ್ಣು ಹಾಯಿಸಿದಷ್ಟು ದೂರ ಒದ್ದೆ ಮರಳು. ಅದರಾಚೆ, ಯಾರೋ ಸೀಸದ ಕಡ್ಡಿಯಲ್ಲಿ ಎಳೆದ ಹಾಗೆ ಒಂದು ಬೂದು ಗೆರೆ.

"ಇಲ್ಲೇ ಇತ್ತಲ್ಲ?" ಎಂದ ಗಿರೀಶ, ಕಾರು ಕಳೆದುಕೊಂಡವನ ದನಿಯಲ್ಲಿ.

ನಾವು ಮೂವರೂ ಒಳನಾಡಿನವರು. ನಮ್ಮ ಕಡೆ ಕೆರೆ ಇದ್ದ ಜಾಗದಲ್ಲೇ ಇರುತ್ತದೆ; ಬೇಸಗೆಯಲ್ಲಿ ಸಣ್ಣದಾಗಬಹುದು, ಬೆಳಿಗ್ಗೆ ಎದ್ದು ಎಲ್ಲಿಗೂ ಹೋಗುವುದಿಲ್ಲ. ಹೈಸ್ಕೂಲಿನಲ್ಲಿ ಉಬ್ಬರವಿಳಿತದ ಮೇಲೆ ಚಂದ್ರನ ಚಿತ್ರ ಸಮೇತ ಉತ್ತರ ಬರೆದು ಪೂರ್ತಿ ಅಂಕ ತೆಗೆದುಕೊಂಡಿದ್ದೆ. ಅದು ಭಾನುವಾರವೂ ನಡೆಯುತ್ತದೆ ಎಂದು ಮಾತ್ರ ತಿಳಿದಿರಲಿಲ್ಲ.

ವಾಪಸು ಹೋಗೋಣವೇ ಎಂದ ಗಿರೀಶ. ಅತ್ತೆ ನನ್ನ ಮುಖವನ್ನೇ ನೋಡಿದರು. ನಂಬಿಕೆ ಇಲ್ಲದವರ ಕೈಲಿ ಆಗಲ್ಲ ಎಂಬ ವಾಕ್ಯ ಆ ಕಣ್ಣಲ್ಲಿ ಅಚ್ಚಾಗಿತ್ತು. ಸಮುದ್ರ ಬರದಿದ್ದರೆ ನಾವು ಹೋಗೋಣ ಎಂದೆ. ಒದ್ದೆ ಶುರುವಾಗುವಲ್ಲಿ ಶೂಗಳನ್ನು ಬಿಚ್ಚಿಟ್ಟೆವು. ಜೇಬಿನಿಂದ ಜಾರಿ ಕಾರಿನ ಕೀಲಿ ನೀರುಪಾಲಾದರೆ ಕಷ್ಟ ಎಂದು, ಅದನ್ನು ಗಿರೀಶನ ಶೂ ಒಳಗೆ ಕಾಲುಚೀಲದ ಕೆಳಗೆ ಭದ್ರವಾಗಿ ಇಡಿಸಿದ್ದೂ ನಾನೇ. ವ್ಯವಸ್ಥೆ ಪೂರ್ತಿ ನನ್ನದು ಎಂದು ಮೊದಲೇ ಹೇಳಿದ್ದೆನಲ್ಲ.

ನಡೆದೆವು. ಗೆರೆ ಗೆರೆಯಾಗಿಯೇ ಉಳಿಯಿತು. ನಡುನಡುವೆ ಹೊಂಡಗಳಲ್ಲಿ ನೀರು ನಿಂತಿತ್ತು. ಇದೂ ಸಮುದ್ರದ್ದೇ ನೀರು, ಇದರಲ್ಲಿ ಬಿಡಬಹುದು ಎಂದು ಸೂಚಿಸಿದೆ. ಅಷ್ಟರಲ್ಲಿ ಎಲ್ಲಿಂದಲೋ ಒಂದು ನಾಯಿ ಬಂದು ಆ ಹೊಂಡದಲ್ಲಿ ಕಾಲಾಡಿಸಿತು. ಸೂಚನೆ ಬಿದ್ದುಹೋಯಿತು.

ನಾಯಿಯ ಹಿಂದೆ ಅದರ ಯಜಮಾನ ಬಂದ. ಭಾನುವಾರದ ಕೋಟು, ಟೈ, ಅದಕ್ಕೆ ಹೊಂದದ ರಬ್ಬರ್ ಬೂಟು ತೊಟ್ಟ ಹಿರಿಯ. ಏದುಸಿರು ಬಿಡುತ್ತಿದ್ದ. ಎರಡು ಮೀಟರ್ ದೂರದಲ್ಲಿ ನಿಂತು, ಕ್ಷಮಿಸಿ ಎಂದು ಶುರುಮಾಡಿ ಗಣಪತಿಯ ತಟ್ಟೆಯನ್ನು ನೋಡಿದ. ನಾನು ಕಾಯುತ್ತಿದ್ದ ಎದುರಾಳಿ ಸಿಕ್ಕಿಬಿಟ್ಟ.

ಅವನು ಸಮುದ್ರದ ಕಡೆ ಬೆರಳು ತೋರಿಸಿದ. ಮಾಲಿನ್ಯದ ಆಕ್ಷೇಪ ಎಂದು ಗುರುತಿಸಿ, ಬಣ್ಣವಿಲ್ಲದ ಮಣ್ಣಿನ ಬಗ್ಗೆ ಮೊದಲ ಭಾಗ ಒಪ್ಪಿಸಿದೆ. ಅವನು ಬಾಯಿ ತೆರೆದ. ದಯವಿಟ್ಟು ನನ್ನ ಮಾತು ಮುಗಿಯಲಿ ಎಂದೆ. ಅವನು ಈ ಸಲ ರಸ್ತೆಯ ಕಡೆ ಬೆರಳು ತೋರಿಸಿದ. ಬಂದ ದಾರಿಯಲ್ಲೇ ವಾಪಸು ಹೋಗಿ ಎನ್ನುತ್ತಿದ್ದಾನೆ! ನನ್ನ ರಕ್ತ ಕುದಿಯಿತು. ನಾವು ತೆರಿಗೆ ಕಟ್ಟುವುದರಿಂದ ಹಿಡಿದು ಪ್ರತಿಯೊಬ್ಬ ಮನುಷ್ಯನಿಗೂ ತನ್ನ ದೇವರನ್ನು ತನ್ನ ಹೊತ್ತಿಗೆ ತನ್ನ ರೀತಿಯಲ್ಲಿ ಪೂಜಿಸುವ ಹಕ್ಕಿದೆ, ಅದಕ್ಕೆ ಅಡ್ಡ ನಿಲ್ಲುವುದು ನಾಗರಿಕರ ಲಕ್ಷಣವಲ್ಲ ಎನ್ನುವವರೆಗೆ ಹೋದೆ. ನಾನೇ ಇಲ್ಲ ಎನ್ನುವ ದೇವರ ಪರವಾಗಿ ಜೀವಮಾನದಲ್ಲೇ ಅಷ್ಟು ಚೆನ್ನಾಗಿ ಮಾತಾಡಿರಲಿಲ್ಲ. ಗಿರೀಶ ತಟ್ಟೆ ಹಿಡಿದುಕೊಂಡೇ ನೆಲ ನೋಡುತ್ತಿದ್ದ.

ಹಿರಿಯ ಕೈಗಡಿಯಾರ ನೋಡಿದ, ಸಮುದ್ರ ನೋಡಿದ, ನನ್ನನ್ನು ನೋಡಿದ. "ಗ್ರ್ಯಾಂಡ್" ಎಂದ; ಇಲ್ಲಿನವರ ಬಾಯಲ್ಲಿ ಅದಕ್ಕೆ ಸರಿ, ಆಯ್ತು ಎಂದರ್ಥ. ತುಂಬ ಹೊತ್ತು ಇರಬೇಡಿ ಎಂದೇನೋ ಸೇರಿಸಿ ನಾಯಿಯನ್ನು ಕರೆದುಕೊಂಡು ದಡದ ಕಡೆ ಬೇಗಬೇಗ ಹೊರಟ.

"ಏನಂತೆ?" ಎಂದರು ಅತ್ತೆ.

"ಒಪ್ಕೊಂಡ" ಎಂದೆ.

ಕೊನೆಗೂ ನೀರು ಸಿಕ್ಕಿತು. ಹಿಮ್ಮಡಿಯಷ್ಟು. ಗಣಪತಿ ಮುಳುಗಬೇಕು ಎಂದರು ಅತ್ತೆ. ಇನ್ನಷ್ಟು ನಡೆದೆವು. ಮತ್ತೂ ಹಿಮ್ಮಡಿಯಷ್ಟೇ. ಗಾಳಿಗೆ ಕರ್ಪೂರ ಹತ್ತಲಿಲ್ಲ. ನಾನು ಬಗ್ಗಿ ಕೈಯಿಂದ ಮರಳು ತೋಡಿ ಗುಂಡಿ ಮಾಡಲು ಹೊರಟೆ, ತೋಡಿದಷ್ಟೂ ಮುಚ್ಚಿಕೊಂಡಿತು. ಹೀಗೆ ನಾನು ದೇಶಕ್ಕೆ ಕೆರೆ ಕಟ್ಟುತ್ತಿದ್ದಾಗ ಗಿರೀಶ ದಡದ ಕಡೆ ತಿರುಗಿ ನಿಂತಿದ್ದ.

"ಚೈತ್ರಾ, ನಾವು ಬರೋವಾಗ ಅಲ್ಲಿ ನದಿ ಇತ್ತಾ?"

ಇರಲಿಲ್ಲ. ನಾವು ನಡೆದು ಬಂದ ಮರಳಿನ ಮೇಲೆ, ನಮಗೂ ಡಬ್ಲಿನ್‌ಗೂ ನಡುವೆ, ಅಗಲವಾದ ನೀರು ಸದ್ದಿಲ್ಲದೆ ಹರಿದುಬಂದು ಕೂತಿತ್ತು. ನಾವು ಸಮುದ್ರವನ್ನು ಮುಂದೆ ಹುಡುಕುತ್ತಿದ್ದೆವು, ಅದು ಹಿಂದಿನಿಂದ ಬಂದಿತ್ತು. ಈ ತಂತ್ರ ಚರ್ಚಾಸ್ಪರ್ಧೆಯಲ್ಲಿ ನಾನೇ ಬಳಸುತ್ತಿದ್ದೆ.

ಅತ್ತೆಯ ಎದುರು ಗಿರೀಶನನ್ನು ನಾನು ಬಹುವಚನದಲ್ಲೇ ಮಾತಾಡಿಸುವುದು. ಆ ಕ್ಷಣ ಏಕವಚನಕ್ಕೆ ಇಳಿದು, ಅದರಿಂದಲೂ ಕೆಳಕ್ಕೆ ಇಳಿದೆ. ನನಗೆ ಈಜು ಬರುವುದಿಲ್ಲ, ಅವನಿಗೂ ಬರುವುದಿಲ್ಲ. ದಡದಲ್ಲಿ ಅದೇ ಹಿರಿಯ ಎರಡೂ ಕೈ ಎತ್ತಿ, ಎಡಕ್ಕೆ ಬನ್ನಿ, ಎಡಕ್ಕೆ ಬನ್ನಿ ಎಂದು ಬೀಸುತ್ತಿದ್ದ. ಅವನು ಬೀಸಿದ ಕಡೆಗೆ ಒಂದೇ ಒಂದು ಮರುಪ್ರಶ್ನೆ ಇಲ್ಲದೆ ನಡೆದೆ. ಗಣಪತಿ ಗಿರೀಶನ ತಲೆಯ ಮೇಲೆ, ಕಡುಬಿನ ಚೀಲ ಅತ್ತೆಯ ತಲೆಯ ಮೇಲೆ. ಅತ್ತೆ ಸೀರೆ ಎತ್ತಿ ಕಚ್ಚೆ ಕಟ್ಟಿ, ಒಂದು ಕೈಯಲ್ಲಿ ನನ್ನ ರಟ್ಟೆ ಹಿಡಿದಿದ್ದರು. ನೀರು ಮೊಣಕಾಲಿಗೆ ಬಂತು, ತೊಡೆಗೆ ಬಂತು. ಆಗಸ್ಟ್ ತಿಂಗಳ ಐರಿಶ್ ಸಮುದ್ರ ಫ್ರಿಜ್ಜಿನಿಂದ ಈಗಷ್ಟೇ ತೆಗೆದ ಹಾಗಿತ್ತು. ಸೊಂಟಕ್ಕೆ ಬಂದಾಗ ಅತ್ತೆ ನಿಂತುಬಿಟ್ಟರು.

"ಗಿರಿ, ಇಲ್ಲಿ ಸಾಕಷ್ಟು ನೀರೈತೆ. ಇಳಿಸು."

"ಅತ್ತೆ, ನಾವೇ ಮುಳುಗ್ತಾ ಇದ್ದೀವಿ!"

"ನೀನು ಮುಳುಗಲ್ಲ ಬಿಡು. ಮಾತಾಡ್ತಾನೇ ಇರು, ಒಳಗೆ ಗಾಳಿ ತುಂಬಿರ್ತದೆ."

ಅಮ್ಮ ಹೇಳಿದ ಮೇಲೆ ಮಗನ ಪಾಲಿಗೆ ಮುಗೀತು. ತಟ್ಟೆ ಇಳಿಸಿದ. ಅತ್ತೆ ಅವಸರವಿಲ್ಲದೆ, ಊರ ಕೆರೆಯ ಮೆಟ್ಟಿಲ ಮೇಲೆ ನಿಂತವರ ಹಾಗೆ, ಗಣಪತಿಯನ್ನು ಎರಡು ಸಲ ಮುಳುಗಿಸಿ ಎತ್ತಿ, ಮೂರನೆಯ ಸಲ ಕೈ ಬಿಟ್ಟರು. ಕಾಳುಮೆಣಸಿನ ಕಣ್ಣು ಒಂದು ಕ್ಷಣ ಕಂಡು ಮರೆಯಾಯಿತು. ಅವರು "ಗಣಪತಿ ಬಪ್ಪಾ" ಎಂದಾಗ ಎಲ್ಲರಿಗಿಂತ ಜೋರಾಗಿ "ಮೋರಯಾ" ಎಂದವಳು ನಾನು ಎಂದು ಗಿರೀಶ ಈಗಲೂ ಸಾಕ್ಷಿ ಹೇಳುತ್ತಾನೆ. ಅದು ಚಳಿಗೆ ತಾನಾಗಿ ಹೊರಟ ಶಬ್ದ ಎಂಬುದು ನನ್ನ ವಾದ. ನಾಲ್ಕು ಹೆಜ್ಜೆಗೆ ನೀರು ಇಳಿಯಿತು. ಅತ್ತೆ ದಡದಲ್ಲಿ ಸೀರೆ ಹಿಂಡುತ್ತಾ ಗಿರೀಶನಿಗೆ, ಐದು ತಿಂಗಳಲ್ಲಿ ಇವತ್ತೇ ಹೊರಗೆ ಬಂದ ಹಾಗಾಯ್ತು ಕಣೋ ಎಂದರು. ಅವರ ಮುಖ ಬೆಳಗುತ್ತಿತ್ತು.

ನಾನು ಹಿರಿಯನ ಬಳಿ ಹೋಗಿ, ಎರಡು ಮೀಟರ್ ಬಿಟ್ಟು, ಕ್ಷಮೆ ಕೇಳಿದೆ. ನೀರು ಏರುವ ವಿಷಯ ಹೇಳಲು ನೀವು ಅಷ್ಟು ದೂರ ನಡೆದು ಬಂದಿರಿ, ನಾನು ಬಾಯಿ ಬಿಡಲು ಬಿಡಲಿಲ್ಲ ಎಂದೆ.

ಅವನು ಬಹಳ ಸಂಕೋಚದಿಂದ, ನೀರಿನ ವಿಷಯ ದಾರಿಯಲ್ಲಿ ಹೊಳೆದದ್ದು ಎಂದ. ಬಂದದ್ದು ಅದಕ್ಕಲ್ಲ. ನಮ್ಮ ಕಾರು ಅವನ ಮನೆಯ ಗೇಟಿಗೆ ಅಡ್ಡ ನಿಂತಿದೆ. ಅದನ್ನು ಸ್ವಲ್ಪ ಸರಿಸಿದ್ದರೆ ಚರ್ಚಿನ ಭಾನುವಾರದ ಪೂಜೆಗೆ ಹೋಗಬಹುದಿತ್ತು. ಕೊರೊನಾದ ದೆಸೆಯಿಂದ ಕೆಲವರಿಗಷ್ಟೇ ಒಳಗೆ ಪ್ರವೇಶ, ವಾರಗಟ್ಟಲೆ ಕಾದು ಅವನಿಗೆ ಇವತ್ತು ಜಾಗ ಸಿಕ್ಕಿತ್ತಂತೆ. ತೊಂದರೆಯಿಲ್ಲ, ಈಗಲಾದರೂ ಸರಿಸಿದರೆ ಕೊನೆಯ ಭಾಗ ಸಿಗಬಹುದು ಎಂದ.

ನಾನು ಗಿರೀಶನ ಕಡೆ ನೋಡಿದೆ. ಗಿರೀಶ ಸಮುದ್ರದ ಕಡೆ ನೋಡಿದ. ನಮ್ಮ ಶೂಗಳನ್ನು ಬಿಟ್ಟ ಜಾಗದ ಮೇಲೆ ಒಂದು ಕಡಲಹಕ್ಕಿ ಆರಾಮಾಗಿ ತೇಲುತ್ತಿತ್ತು.

ಇನ್ನೊಂದು ಕೀಲಿ ತರಲು ಗಿರೀಶ ಬರಿಗಾಲಲ್ಲಿ, ತೊಯ್ದ ಪ್ಯಾಂಟಿನಲ್ಲಿ, ಮುಖಕ್ಕೆ ಮಾತ್ರ ಶಿಸ್ತಾಗಿ ಮಾಸ್ಕ್ ಹಾಕಿಕೊಂಡು ಟ್ಯಾಕ್ಸಿ ಹುಡುಕಲು ಹೋದ. ಹಿರಿಯ ಎರಡು ಟವೆಲ್ ತಂದು ಕಾಂಪೌಂಡ್ ಗೋಡೆಯ ಮೇಲಿಟ್ಟು ದೂರ ಸರಿದ. ಆಮೇಲೆ ಟ್ಯಾಬ್ಲೆಟ್ ತಂದು ಅದೇ ಗೋಡೆಗೆ ಒರಗಿಸಿ, ಚರ್ಚಿನಿಂದ ನೇರ ಬರುತ್ತಿದ್ದ ಪೂಜೆ ಹಾಕಿಕೊಂಡು, ನಮ್ಮ ಕಾರು ಅಡ್ಡ ನಿಂತಿದ್ದ ಗೇಟಿನ ಒಳಗೆ ಟೈ ಸರಿಮಾಡಿಕೊಂಡು ನಿಂತ. ಗೇಟಿನ ಹೊರಗೆ ಅತ್ತೆ ಟವೆಲ್ ಹೊದ್ದು ಕೈಮುಗಿದು ನಿಂತರು. ಕಡುಬಿನ ಡಬ್ಬಿ ಗೋಡೆ ದಾಟಿ ಆ ಕಡೆ ಹೋಯಿತು. ಅವನು ಒಂದು ತಿಂದ. ಇನ್ನೊಂದು ತೆಗೆದುಕೊಂಡ.

ನಡೆದದ್ದಕ್ಕೆ ಒಂದು ವಿವರಣೆ ಕೊಡುವುದು ನನ್ನ ಕರ್ತವ್ಯ ಎನ್ನಿಸಿತು. ಗಂಟಲು ಸರಿಮಾಡಿಕೊಂಡೆ.

"ಪೂಜೆ ನಡೀತಾ ಐತೆ, ಸುಮ್ನಿರಮ್ಮ" ಎಂದರು ಅತ್ತೆ.

ಇದಕ್ಕೆ ನನ್ನ ಬಳಿ ಗಟ್ಟಿಯಾದ ಮೂರು ಪ್ರತಿವಾದಗಳಿದ್ದವು. ಹಲ್ಲು ಕಟಕಟ ಬಡಿಯುತ್ತಿದ್ದುದರಿಂದ ಒಂದೂ ಹೊರಬರಲಿಲ್ಲ.