ಬಿಸಿಲಿಗೆ ಹಾಕಿದ ಕ್ಯಾಮ್‌ಕಾರ್ಡರ್

ನಾದಿನಿ ಲತಾಳ ಮದುವೆಯ ವಿಡಿಯೋ ತೆಗೆಯುವ ಜವಾಬ್ದಾರಿಯನ್ನು ಯಾರೂ ಕೇಳದೆಯೇ ನಾನು ಹೊತ್ತುಕೊಂಡೆ. ಮಾವನವರು ಸಕಲೇಶಪುರದ ವಿಡಿಯೋದವನೊಬ್ಬನನ್ನು ಗೊತ್ತುಮಾಡಿದ್ದರು. "ಅವನ್ಯಾಕೆ ಮಾವ? ಲೈಟು ಬಿಟ್ಟು ಎಲ್ಲರ ಕಣ್ಣು ಕುಕ್ಕಿಸ್ತಾನೆ. ನಾನೇ ಕ್ಯಾಮ್‌ಕಾರ್ಡರ್ ತಗೊತೀನಿ" ಎಂದು ಅವನನ್ನು ಬಿಡಿಸಿಬಿಟ್ಟೆ. ಇಡೀ ಮದುವೆ ಈಗ ನನ್ನ ಕೈಯಲ್ಲಿ!

ಖರೀದಿಗೆ ಮುನ್ನ ಸಮಗ್ರ ಅಧ್ಯಯನ ಕೈಗೊಂಡೆ. ಹಾಸನದ ಅಂಗಡಿಗೆ ಮೂರು ಸಲ ಹೋದೆ. ದೊಡ್ಡ ವಿಎಚ್ಎಸ್ ಕ್ಯಾಸೆಟ್ಟಾದರೆ ನೇರವಾಗಿ ಮನೆಯ ವಿಸಿಆರ್‌ಗೆ ಹೋಗುತ್ತದೆ, ಆದರೆ ಆ ಕ್ಯಾಮರಾ ಎತ್ತಿದರೆ ಹೆಗಲ ಮೇಲೆ ಗೊಬ್ಬರದ ಚೀಲ ಹೊತ್ತ ಹಾಗೆ. ವಿಎಚ್ಎಸ್-ಸಿ ಹಗುರ, ಆದರೆ ಅರ್ಧ ಗಂಟೆಗೆ ಕ್ಯಾಸೆಟ್ ಖಾಲಿ. ಅಷ್ಟರಲ್ಲಿ ನಮ್ಮ ಕಡೆ ಗಂಡಿನವರನ್ನು ಎದುರುಗೊಳ್ಳುವುದೂ ಮುಗಿಯುವುದಿಲ್ಲ! ಮಿನಿ ಡಿವಿಯ ಚಿತ್ರ ಬಹಳ ಸೊಗಸಾಗಿತ್ತು. ಬೆಲೆ ಕೇಳಿ ಮೆಲ್ಲಗೆ ಕೆಳಗಿಟ್ಟೆ. ಕೊನೆಗೆ ಉಳಿದದ್ದು ಹೈ-ಏಯ್ಟ್. ಪುಟ್ಟ ಕ್ಯಾಸೆಟ್, ಒಂದೂವರೆ ಗಂಟೆ, ನನ್ನಂಥವನ ಕೈಗೆಟುಕುವ ಬೆಲೆ.

ಈ ಜ್ಞಾನವನ್ನೆಲ್ಲ ಹೆಂಡತಿ ಸುಮಳಿಗೆ ಹದಿನೈದು ದಿನ ಊಟದ ಹೊತ್ತಿನಲ್ಲಿ ಉಣಬಡಿಸಿದೆ.

"ರೀ, ಫಾರ್ಮ್ಯಾಟು ಗೀರ್ಮ್ಯಾಟು ಎಲ್ಲಾ ಬುಡಿ. ನನ್ ತಂಗಿಗೆ ತಾಳಿ ಕಟ್ಟೋದು ಬಂದ್ರೆ ಸಾಕು. ಅದೊಂದು ತಪ್ಪಿದ್ರೆ ನನ್ ಮುಖ ನೋಡ್ಬೇಡಿ!"

"ಅದು ನನಗೆ ಬಿಡು" ಎಂದೆ.

ಜನವರಿಯ ಮದುವೆ. ಸುಮ ಮೊದಲೇ ತವರಿಗೆ ಹೋಗಿದ್ದಳು. ನಾನೂ ನಮ್ಮ ಕಾಫಿ ತೋಟದ ಲೆಕ್ಕ ಬರೆಯುವ ರೈಟರ್ ಕಾಳಪ್ಪನೂ ಬೆಳಗಿನ ಮಂಜಿನಲ್ಲಿ, ಟಾಪಿಲ್ಲದ ಜೀಪಿನಲ್ಲಿ ವನಗೂರಿನಿಂದ ಬೆಳಗೋಡಿನ ಮದುವೆ ಛತ್ರಕ್ಕೆ ಬಂದೆವು. ನನ್ನ ಮೂಗೂ ತೊಡೆಯ ಮೇಲಿದ್ದ ಕ್ಯಾಮರಾವೂ ಒಂದೇ ಸಮ ತಣ್ಣಗಾಗಿದ್ದವು. ಛತ್ರದೊಳಗೆ ಕಿಕ್ಕಿರಿದ ಜನ, ಅಡುಗೆಮನೆಯಿಂದ ನುಗ್ಗುವ ಆವಿ. ಗಂಭೀರವಾಗಿ ಕ್ಯಾಮರಾಕ್ಕೆ ಕಣ್ಣಿಟ್ಟು ಗುಂಡಿ ಒತ್ತಿದೆ. ಒಂದು ನೀರಿನ ಹನಿಯ ಚಿತ್ರ ಮಿನುಗತೊಡಗಿತು. ಮತ್ತೇನೂ ಇಲ್ಲ!

ಜೊತೆಗೆ ಕೊಟ್ಟಿದ್ದ ಪುಸ್ತಕ ಬಿಡಿಸಿದೆ. ಚಳಿಯಿಂದ ಸೆಕೆಗೆ ಬಂದರೆ ಒಳಗೆ ತೇವ ಕೂರುತ್ತದಂತೆ, ಮುಚ್ಚಳ ತೆಗೆದು ಒಂದು ಗಂಟೆ ಸುಮ್ಮನೆ ಇಡಬೇಕಂತೆ. ಮುಹೂರ್ತಕ್ಕೆ ಇನ್ನು ಮುಕ್ಕಾಲು ಗಂಟೆ!

"ಕಾಳಪ್ಪ, ತೇವ ಅಂತೆ ಕಣೋ!"

"ತೇವ ತಾನೆ ಸಾ? ತೇವ ತೆಗೆಯೋದ ನಮಗ್ ಯಾರಾರ ಯೋಳ್ಕೊಡ್ಬೇಕಾ? ಬಿಸಿಲ್ಗೆ ಹಾಕ್ಬುಡಿ!"

ಹೌದಲ್ಲ! ಇಪ್ಪತ್ತು ವರ್ಷ ಕಾಫಿ ಒಣಗಿಸಿದವನು ನಾನು. ಮಂಜು ಆಗಷ್ಟೇ ಸರಿದಿತ್ತು. ಛತ್ರದ ಅಂಗಳದಲ್ಲಿ ಚಾಪೆ ಹಾಸಿ ಕ್ಯಾಮರಾ, ಬ್ಯಾಟರಿ, ಕ್ಯಾಸೆಟ್ಟುಗಳನ್ನು ಹರವಿದೆ. "ಒಂದೇ ಮಗ್ಗಲು ಒಣಗಿದ್ರೆ ಆಗಕಿಲ್ಲ ಸಾ, ಕೈಯಾಡುಸ್ತಾ ಇರ್ಬೇಕು" ಎಂದ ಕಾಳಪ್ಪ. ಐದೈದು ನಿಮಿಷಕ್ಕೆ ಮಗುಚಿದೆ. ನಡುನಡುವೆ ಬ್ಯಾಟರಿ ಹಾಕಿ ನೋಡಿದರೂ ಹನಿ ಹೋಗಲಿಲ್ಲ. ದಾರಿಯಲ್ಲಿ ಹೋಗುವವರೊಬ್ಬರು, "ಏನ್ ಮಾರಾಯ, ಮದ್ವೆ ದಿನಾನೂ ಮೆಣಸು ಒಣಗಾಕಿದ್ಯಲ್ಲ!" ಎಂದರು.

"ಅಲ್ಲಾಡ್ಸಿ ನೋಡಿ ಸಾ. ಕಾಫಿ ಹಣ್ಣು ಒಣಗಿದ್ರೆ ಒಳಗೆ ಗಲಗಲ ಅನ್ನಕಿಲ್ವಾ?"

ಕಿವಿಯ ಹತ್ತಿರ ಹಿಡಿದು ಬಲವಾಗಿ ಅಲ್ಲಾಡಿಸಿದೆ. ಸದ್ದಿಲ್ಲ. ಇನ್ನೂ ಬಲವಾಗಿ ಅಲ್ಲಾಡಿಸಿದೆ. ಗಲಗಲ!

"ಆತು ಸಾ, ಒಣಗೈತೆ!"

ಕ್ಯಾಮರಾ ಗಲಗಲ ಅನ್ನಬಾರದೆಂದು ಇಬ್ಬರಿಗೂ ಹೊಳೆಯಲಿಲ್ಲ. ಬ್ಯಾಟರಿ ಹಾಕಿ ಕಣ್ಣಿಟ್ಟೆ. ಹನಿ ಮಾಯವಾಗಿತ್ತು. ಉಳಿದದ್ದೆಲ್ಲವೂ ಮಾಯವಾಗಿತ್ತು! ಮತ್ತೆ ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದಾಗಲೇ ಒಳಗಿನಿಂದ "ಗಟ್ಟಿಮೇಳ! ಗಟ್ಟಿಮೇಳ!" ಎಂಬ ಕೂಗು. ಓಡಿದೆ. ಬಾಗಿಲಲ್ಲೇ ಅಕ್ಷತೆ ಮುಖಕ್ಕೆ ಬಿತ್ತು. ತಾಳಿ ಕಟ್ಟಿ ಆಗಿತ್ತು.

"ಬಂತೇನ್ರೀ?" ಎಂದು ಸುಮ ಆಸೆಯಿಂದ ಕೇಳಿದಳು. ನಾನು ತಲೆ ತಗ್ಗಿಸಿದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಸೆರಗಿನಿಂದ ಕಣ್ಣೊರೆಸಿಕೊಂಡಳು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ತಿಂಗಳ ನಂತರ ಲತಾ ಆಲ್ಬಮ್ ತಂದಳು. ಪುಣ್ಯಕ್ಕೆ ಗಂಡಿನ ಕಡೆಯವರು ಫೋಟೋದವನೊಬ್ಬನನ್ನು ಕರೆತಂದಿದ್ದರು. ತಾಳಿ ಕಟ್ಟುವ ಫೋಟೋ ಬಂತು. ಎಲ್ಲರೂ ಬಗ್ಗಿ ನೋಡಿದೆವು. ತಾಳಿ ಪುರೋಹಿತರ ಮೊಣಕೈಗೆ ಮರೆಯಾಗಿತ್ತು. ಅವರ ಹಿಂದೆ ತೆರೆದಿದ್ದ ಬಾಗಿಲಿನಾಚೆ, ಎಳೆಬಿಸಿಲಿನಲ್ಲಿ, ಚಾಪೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಕ್ಯಾಮರಾವನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದವನು ನಾನು.

"ಭಾವ," ಎಂದಳು ಲತಾ, "ನನ್ ಮದ್ವೆ ಆಲ್ಬಮ್ಮಲ್ಲಿ ನಿಮ್ಮಷ್ಟು ಚೆನ್ನಾಗಿ ಇನ್ಯಾರೂ ಬಂದಿಲ್ಲ!"