ಪಡಸಾಲೆಯಲ್ಲೊಂದು ರೋಂಬ್ಲೋನ್

ನಮ್ಮ ಕಾಕಾ ಇರುವುದು ಹಳೇ ಹುಬ್ಬಳ್ಳಿಯಲ್ಲಿ. ವಾಸ ಮಾಡುವುದು ಮಾತ್ರ ಫಿಲಿಪ್ಪೀನ್ಸ್ ದೇಶದ ರೋಂಬ್ಲೋನ್ ಎಂಬ ಊರಿನಲ್ಲಿ. ಆ ಊರನ್ನು ಅವರು ಇಂದಿಗೂ ಕಣ್ಣಾರೆ ಕಂಡಿಲ್ಲ. ಕಾಣದಿದ್ದರೇನು? ಅಲ್ಲಿನ ಬಂದರಿನಲ್ಲಿ ಇಳಿಸಿದರೆ ಯಾರನ್ನೂ ಕೇಳದೆ ಹಳೆಯ ಚರ್ಚಿನವರೆಗೆ ನಡೆದುಹೋಗುತ್ತಾರೆ. ನಮ್ಮ ದುರ್ಗದಬೈಲಿನಲ್ಲಿ ಬಿಟ್ಟರೆ ಮಾತ್ರ ಮನೆ ಮುಟ್ಟಲು ತಾಸು ಬೇಕು. ದಾರಿಯಲ್ಲಿ ಸಿಕ್ಕವರಿಗೆಲ್ಲ ರೋಂಬ್ಲೋನ್ ತೋರಿಸಬೇಕಲ್ಲ!

ನಮ್ಮದು ನೆಲಕ್ಕೆ ಫರಶಿ ಕಲ್ಲು ಹಾಸುವ ಮನೆತನ. ನಾನು ಏಳನೆಯ ಇಯತ್ತೆಗೇ ಶಾಲೆ ಬಿಟ್ಟು ಕಾಕಾ ಕೈಕೆಳಗೆ ಸೇರಿದವನು. ಇವತ್ತು ನಾನು ಹಾಸಿದ ನೆಲದ ಮೇಲೆ ಗೋಲಿ ಇಟ್ಟರೆ ಅದು ಇಟ್ಟಲ್ಲೇ ಇರುತ್ತದೆ. ಜಂಬವೆನ್ನುವವರು ಗೋಲಿ ತಂದು ನೋಡಬಹುದು. ನಡುವೆ ಕೆಲವು ವರ್ಷ ಕಾಕಾ ಇದೇ ಕೆಲಸಕ್ಕೆ ಮಸ್ಕತ್ತಿಗೆ ಹೋಗಿದ್ದರು. ಅಲ್ಲಿ ಖೋಲಿಯ ಜೊತೆಗಾರ ಈ ರೋಂಬ್ಲೋನಿನವನು, ಅಮೃತಶಿಲೆಯ ಊರಿನವನು. ಕೆಲಸ ಮುಗಿಸಿ ಇಬ್ಬರೂ ಮಂಚದ ಮೇಲೆ ಉರುಳಿಕೊಂಡು, ಹರಕು ಹಿಂದಿ, ಮುರುಕು ಇಂಗ್ಲಿಷಿನಲ್ಲಿ ಒಬ್ಬರನ್ನೊಬ್ಬರು ತಮ್ಮೂರಿಗೆ ಕರೆದೊಯ್ಯುತ್ತಿದ್ದರಂತೆ. ಒಂದು ದಿನ ಇವರ ಊರು, ಮರುದಿನ ಅವನ ಊರು.

ಅದರ ಫಲವನ್ನು ನಮ್ಮ ಗಿರಾಕಿಗಳು ಉಂಡರು. ವಿದ್ಯಾನಗರದಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದ ಒಬ್ಬರು, "ಯಾವ ಮಾರ್ಬಲ್ ಛಲೋರಿ?" ಎಂದು ಕಾಕಾನನ್ನು ಕೇಳಿದರು. ಕೇಳಬಾರದಿತ್ತು.

"ರೋಂಬ್ಲೋನದ್ರಿ ಸಾಹೇಬ್ರ. ಅಲ್ಲೆ ಮಸಾಲಿ ಕುಟ್ಟೂ ಖಲಬತ್ತಾನೂ ಮಾರ್ಬಲ್, ಗೋರಿಕಲ್ಲೂ ಮಾರ್ಬಲ್."

"ಅದು ರಾಜಸ್ಥಾನದಾಗ ಬರ್ತೈತೇನ್ರಿ?"

"ಸಮುದ್ರದಾಗ ಬರ್ತೈತ್ರಿ. ಸುತ್ತ ಗುಡ್ಡ, ನಡಕ ಬಂದರ. ಕಡಲಗಳ್ಳರ ಕಾಟಕ್ಕ ಸ್ಪೇನದವ್ರು ಗುಡ್ಡದ ಮ್ಯಾಲ ಕ್ವಾಟಿ ಕಟ್ಟ್ಯಾರ. ಬರ್ರಿ, ಹತ್ತೂಣು."

ಸಾಹೇಬರು ಕೋಟೆ ಹತ್ತಿ ಇಳಿಯುವಷ್ಟರಲ್ಲಿ ಸುಸ್ತಾಗಿ ಟೈಲ್ಸ್ ಹಾಕಿಸಿದರು.

"ಅದೂ ಜಿಲ್ಲಾ ಊರ ನೋಡಪಾ," ಎನ್ನುತ್ತಾರೆ ಕಾಕಾ ನನಗೆ. "ಅದಕ್ಕಿಂತ ದೊಡ್ಡ ಊರು ಬಾಜೂಕಿನ ನಡುಗಡ್ಡ್ಯಾಗ ಐತಿ, ಕಚೇರಿ ಮಾತ್ರ ಇಲ್ಲೆ ರೋಂಬ್ಲೋನದಾಗ. ಥೇಟ್ ನಮ್ಮ ಹುಬ್ಬಳ್ಳಿ-ಧಾರವಾಡ." ಹಿಂದೊಮ್ಮೆ ಆ ಜಿಲ್ಲೆಯನ್ನೇ ಅಳಿಸಿ, ಆಮೇಲೆ ತಿರುಗಿ ಕೊಟ್ಟರಂತೆ. ಅಲ್ಲಿಯವರು ಮರೆತಿರಬಹುದು, ಕಾಕಾ ಸಿಟ್ಟು ಇನ್ನೂ ಇಳಿದಿಲ್ಲ.

ಆ ಊರಿನ ಬಾಲ ಯೇಸುವಿನ ಮೂರ್ತಿಯನ್ನು ಹಡಗಿನಲ್ಲಿ ಬೇರೆಡೆ ಒಯ್ಯಲು ಹೊರಟಾಗಲೆಲ್ಲ ಗಾಳಿ ಎದ್ದು ಹಡಗನ್ನು ಮತ್ತೆ ಅದೇ ಬಂದರಿಗೆ ತಂದುಬಿಡುತ್ತಿತ್ತಂತೆ. ಈಗಲೂ ಜನವರಿಯಲ್ಲಿ ಮೂರ್ತಿಯನ್ನು ದೋಣಿಯಲ್ಲಿ ಕೂಡಿಸಿ ಬಂದರು ಸುತ್ತಿಸುತ್ತಾರೆ. ಆ ಸಂಜೆ ಕಾಕಾ ಮಾಳಿಗೆ ಹತ್ತಿ ಕುಳಿತುಬಿಡುತ್ತಾರೆ, ರೆಪ್ಪೆಯ ಮೇಲೆ ಕಲ್ಲಿನ ಧೂಳು ಹಾಗೇ ಇರುತ್ತದೆ. ಓಣಿಯ ಮಾಳಿಗೆಗಳು ಒಂದರ ಹಿಂದೊಂದು ನೀಲಿಯಾಗಿ ಅಲೆಗಳಂತೆ ಕಾಣುತ್ತವೆ. ಒಣಹಾಕಿದ ಸೀರೆಗಳು ಹಾಯಿಗಳಾಗಿ ಉಬ್ಬುತ್ತವೆ. ಪಕ್ಕದಲ್ಲಿ ಕುಳಿತ ನನ್ನ ತುಟಿಗೂ ಉಪ್ಪು ತಗಲಿದಂತಾಗುತ್ತದೆ. ಕೆಳಗಿನಿಂದ ಅವರ ಹೆಂಡತಿ, ನಮ್ಮ ಕಾಕು, ಕೂಗುತ್ತಾರೆ: "ದೋಣ್ಯಾಗಿಂದ ಇಳದ ಬಂದು ಉಣ್ರಿ, ರೊಟ್ಟಿ ಆರಾಕತ್ತಾವು."

ಇಷ್ಟೇ ಆಗಿದ್ದರೆ ಕಾಕು ಸಹಿಸುತ್ತಿದ್ದರು. ಆದರೆ ಅವರ ಪಡಸಾಲೆಯ ನಟ್ಟನಡುವೆ ಒಂದು ಫೂಟು ಚೌಕದ ತಗ್ಗಿದೆ. ಮಸ್ಕತ್ತು ಬಿಡುವಾಗ ಗೆಳೆಯರಿಬ್ಬರೂ ಮಾತು ಕೊಟ್ಟುಕೊಂಡಿದ್ದರು: ಯಾರು ಯಾರ ಮನೆಗೆ ಬಂದರೂ ತಮ್ಮ ಕಡೆಯ ಒಂದು ಕಲ್ಲು ತರಬೇಕು. ಅವನ ಕಲ್ಲಿಗೆಂದು ಕಾಕಾ ಬಿಟ್ಟ ಜಾಗ ಅದು. ಮೇಲೆ ಚಾಪೆ ಹಾಸಿದ್ದಾರೆ. ಚಾಪೆಯ ಕೆಳಗೆ ತಗ್ಗಿದೆ ಎಂಬುದು ಬಂದವರಿಗೆ ಬಿದ್ದ ಮೇಲೆ ತಿಳಿಯುತ್ತದೆ.

"ಪಾರ್ಸಲ್ ತರಸ್ರಿ ಕಾಕಾ," ಎಂದೆ.

"ಕಲ್ಲು ಕೈಯಾಗ ಬರಬೇಕೋ."

"ಹಂಗಾರ ತಗ್ಗು ಕಾಯಾಕತ್ತೈತಿ ಅಂತರ ಅವರಿಗೆ ಹೇಳ್ರಿ."

"ತಗಾದಾ ಮಾಡಿದಂಗ ಆಗೂದಿಲ್ಲೇನು?"

ಅವನಿಗೆ ಒಯ್ಯಬೇಕಾದ ಇಳಕಲ್ಲಿನ ಕೆಂಪು ಕಲ್ಲು ಮಾತ್ರ ನುಣ್ಣಗೆ ಪಾಲಿಶ್ ಆಗಿ, ಹಳೆಯ ಟವೆಲ್ಲಿನಲ್ಲಿ ಸುತ್ತಿಕೊಂಡು, ವರ್ಷಗಳಿಂದ ನಡುಮನೆಯ ಮಂಚದ ಕೆಳಗೆ ಪ್ರಯಾಣಕ್ಕೆ ಸಿದ್ಧವಾಗಿ ಕುಳಿತಿದೆ.

ಹೋದ ತಿಂಗಳು ಅವರ ಬಸುರಿ ಮಗಳ ಕುಬುಸದ, ಅಂದರೆ ಸೀಮಂತದ, ಕಾರ್ಯ ನಿಶ್ಚಯವಾಯಿತು. ಮನೆ ತುಂಬ ಹೆಂಗಸರು ಬರುವ ದಿನ ಮಗಳೇ ಎಡವಿ ಬಿದ್ದರೆ? ಕಾಕು ನನ್ನನ್ನು ಕರೆಸಿದರು. "ಇವತ್ತ ಸಿಮೆಂಟ್ ಹಾಕಿ ಮುಚ್ಚಪಾ. ಇಲ್ಲಾಂದ್ರ ಕಾರ್ಯಾ ನಮ್ಮ ಶಿರಗುಪ್ಪಿ ತವರಮನ್ಯಾಗ ಮಾಡ್ತೇನಿ." ನಾನು ಸಿಮೆಂಟು ಕಲಸುತ್ತಿದ್ದರೆ ಕಾಕಾ ಗೋಡೆಗೆ ಮುಖ ಮಾಡಿ ಕುಳಿತರು. ಎಷ್ಟೋ ಮನೆಗಳ ನೆಲ ಸಪಾಟು ಮಾಡಿದ ನನ್ನ ಕೈಗೆ ಅವತ್ತು ಕೆಲಸ ಒಗ್ಗಲಿಲ್ಲ.

ಅಷ್ಟರಲ್ಲಿ ಫೋನು ಬಂತು. ರವಿವಾರದ ವಾಡಿಕೆಯಂತೆ ರೋಂಬ್ಲೋನಿನ ಗೆಳೆಯನ ವಿಡಿಯೋ ಕಾಲ್. ಕಾಕು ಫೋನು ಕಸಿದುಕೊಂಡು ತಗ್ಗಿನ ಮೇಲೆ ಹಿಡಿದರು. "ನೋಡಪಾ ಯಣ್ಣಾ, ನಿನ್ನ ಕಲ್ಲಿನ ಸಲುವಾಗಿ ಮನೀ ಮಂದಿ ಎಲ್ಲಾ ಬಿದ್ದೇವಿ."

ಅಲ್ಲಿನ ಫೋನೂ ಮೆಲ್ಲಗೆ ನೆಲದ ಕಡೆ ಬಾಗಿತು. ಹಾಲು ಚೆಲ್ಲಿದಂತೆ ಬಿಳಿ ಅಮೃತಶಿಲೆಯ ನೆಲ. ಒಂದು ಕೈ ಚಾಪೆ ಸರಿಸಿತು. ಕೆಳಗೆ ಒಂದು ಫೂಟು ಚೌಕದ ತಗ್ಗು. ಅವನೂ ಹೇಳಿರಲಿಲ್ಲ.

ಅವನ ಹೆಂಡತಿ ತೆರೆಯೊಳಗೆ ಬಂದು ತನ್ನ ಭಾಷೆಯಲ್ಲಿ ಒಂದೇ ಸಮನೆ ಏನೋ ಅಂದಳು. ನಮಗೆ ಒಂದಕ್ಷರವೂ ತಿಳಿಯಲಿಲ್ಲ.

"ಗಂಡಗ ಬೈಯಾಕತ್ತಾಳ," ಎಂದರು ಕಾಕು. "ಬೈಲಿ." ತುಸು ಹೊತ್ತು ಆ ಬಿಳಿ ನೆಲವನ್ನೇ ನೋಡಿ, ನನ್ನ ಕಡೆ ತಿರುಗಿದರು. "ಆ ಸಿಮೆಂಟ್ ಹಿತ್ತಲ ಪಾವಟಿಗಿ ಮೆಟ್ಟಲಿಗೆ ಮೆತ್ತು ಹೋಗು, ಒಣಗೀತು."

ಕುಬುಸದ ದಿನ ಮಗಳು ಕೂಡುವ ಮಣೆಯನ್ನು ಕಾಕು ಸರಿಯಾಗಿ ತಗ್ಗಿನ ಮೇಲೆ ಇಡಿಸಿದರು. ಸುತ್ತ ರಂಗೋಲಿ. ಯಾರೂ ಎಡವಲಿಲ್ಲ. ಹೆಂಗಸರ ಹಾಡು ನಡೆದಿರುವಾಗ ನನ್ನನ್ನು ನಡುಮನೆಗೆ ಕರೆದು ಮೆಲ್ಲಗೆ ಕೇಳಿದರು:

"ಪಾಸ್‌ಪೋರ್ಟ್ ಮಾಡಿಸಾಕ ಎಲ್ಲೆ ಹೋಗಬೇಕಪಾ?"

"ಕಾಕಾಂದು ಹಳೇದು ಐತೆಲ್ಲರಿ ಕಾಕು."

"ನಂದು ಕೇಳಾಕತ್ತೇನಿ."

"ನಿಮ್ಮದ್ಯಾಕ್ರಿ?"

ಕಾಕು ಮಂಚದ ಕೆಳಗೆ ನೋಡಿದರು.

"ಆ ಕಲ್ಲು ಭಾಳ ವಜ್ಜ ಐತಿ. ಇವರೊಬ್ಬರ ಕೈಲೆ ಆಗೂದಿಲ್ಲ."