ನಾನು ಗುಂಡಿ ಹೊಲಿದು ತೋರಿಸಿದ್ದು

ಇಚಲಕರಂಜಿಯಲ್ಲಿ ಮೂವತ್ತು ವರ್ಷ ಬಟ್ಟೆ ವ್ಯಾಪಾರ ಮಾಡಿದವನಿಗೆ ಅಂಗಿಗೊಂದು ಗುಂಡಿ ಹಚ್ಚುವುದು ಯಾವ ಮಹಾ ವಿದ್ಯೆ? ಗಡಹಿಂಗ್ಲಜ ಹತ್ತಿರದ ಕನ್ನಡ ಶಾಲೆಯ ಮುಖ್ಯೋಪಾಧ್ಯಾಯಿನಿ, ಎಲ್ಲರ ಬಾಯಲ್ಲಿ ಹೆಡ್‌ಬಾಯಿ, ಫೋನ್ ಮಾಡಿ, "ಹತ್ತನೇ ಕ್ಲಾಸಿನ ಮಕ್ಕಳು ಮುಂದ ಹಾಸ್ಟೆಲಿಗೆ ಹೋಗ್ತಾವ್ರಿ. ತಮ್ಮ ಕೆಲಸಾ ತಾವ ಮಾಡ್ಕೊಳ್ಳೂದು ಕಲಿಸಿ ಹೋಗ್ರಿ" ಎಂದಾಗ ನಾನು ತಕ್ಷಣ ಒಪ್ಪಿಕೊಂಡೆ. ವಿಷಯ: ಸ್ವಾವಲಂಬನೆ. ಪ್ರಾತ್ಯಕ್ಷಿಕೆ: ಗುಂಡಿ ಹೊಲಿಯುವುದು.

ನನ್ನ ಅಂಗಿಗೆ ಇಸ್ತ್ರಿ ಮಾಡುತ್ತಿದ್ದ ಹೆಂಡತಿ ಸುಮತಿ ಕೇಳಿದಳು, "ನೀವು ಸೂಜಿ ಯಾವಾಗ ಹಿಡದೀರಿ?"

"ಅದರಾಗ ಏನೈತಿ? ಮ್ಯಾಲಿಂದ ಕೆಳಗ, ಕೆಳಗಿಂದ ಮ್ಯಾಲ!"

"ಒಂದ್ಸಲ ಮನ್ಯಾಗ ಹೊಲದು ನೋಡ್ರಿ."

"ಭಾಷಣಾ ತಯಾರ ಮಾಡಾಕತ್ತೇನಿ. ಟೈಮಿಲ್ಲ!"

ಶಾಲೆಯಲ್ಲಿ ವೇದಿಕೆಯ ಮೇಜಿಗೆ ಕೆಂಪು ಬಟ್ಟೆ ಹಾಸಿ, ಎದುರಿನ ಎರಡು ತುದಿಗಳನ್ನು ಮೇಜಿನ ಕಾಲಿಗೆ ಕಟ್ಟಿ, ಅದರ ಮೇಲೆ ಹೂದಾನಿ, ನೀರಿನ ತಂಬಿಗೆ ಇಟ್ಟಿದ್ದರು. ನಾನು ಸ್ವಾವಲಂಬನೆಯ ಕುರಿತು ಅರ್ಧ ಗಂಟೆ ಗುಡುಗಿದೆ. ಆಮೇಲೆ ಸೂಜಿಗೆ ದಾರ ಪೋಣಿಸಲು ಕುಳಿತೆ. ದಾರ ಎಡಕ್ಕೆ ಹೋಯಿತು. ಬಲಕ್ಕೆ ಹೋಯಿತು. ಸೂಜಿಯ ಕಣ್ಣಿಗೆ ಮಾತ್ರ ಹೋಗಲಿಲ್ಲ! ಮುಂದಿನ ಬೆಂಚಿನಿಂದ ಪದ್ಮಾ ಎಂಬ ಹುಡುಗಿ ಎದ್ದು ಬಂದು ಒಂದೇ ಸಲಕ್ಕೆ ಪೋಣಿಸಿಕೊಟ್ಟಳು.

"ನೋಡಿದಿರೇನು? ಇದನ್ನು ನಿಮ್ಮಿಂದಲೇ ಮಾಡಿಸಬೇಕೆಂದಿದ್ದೆ" ಎಂದೆ. ಯಾರೂ ನಂಬಲಿಲ್ಲ.

ಪರಿಣಾಮ ಹೆಚ್ಚಲೆಂದು, ತೊಟ್ಟ ಅಂಗಿಯ ಕೊನೆಯ ಗುಂಡಿಯನ್ನೇ ಕಿತ್ತು ಕುಳಿತಲ್ಲಿಯೇ ಹೊಲಿಯತೊಡಗಿದೆ. ಅನುಭವಿ ಕೈಗೆ ಕಣ್ಣೇಕೆ? ದೃಷ್ಟಿ ಮಕ್ಕಳ ಮೇಲೆ, ಕೈ ಮೇಜಿನ ಮರೆಯಲ್ಲಿ. ಮೂರು ಸಲ ಬೆರಳಿಗೆ ಚುಚ್ಚಿಕೊಂಡರೂ ಮುಗುಳ್ನಗೆ ಬಿಡಲಿಲ್ಲ. ಕೊನೆಗೆ ದಾರವನ್ನು ಏಳು ಸುತ್ತು ಸುತ್ತಿ ಗಟ್ಟಿ ಗಂಟು ಹಾಕಿದೆ. ಚಪ್ಪಾಳೆ!

ವಂದಿಸಲು ಗೌರವದಿಂದ ಎದ್ದು ನಿಂತೆ. ನನ್ನೊಂದಿಗೆ ಮೇಜಿನ ಬಟ್ಟೆಯೂ ಗೌರವದಿಂದ ಎದ್ದಿತು!

ಹೂದಾನಿ ಉರುಳಿತು. ತಂಬಿಗೆ ಪಕ್ಕದಲ್ಲಿ ಕುಳಿತಿದ್ದ ಹೆಡ್‌ಬಾಯಿಯ ಹೊಸ ಸೀರೆಯ ಮೇಲೆ ಬರಿದಾಯಿತು. ಗಾಬರಿಯಿಂದ ನಾನು ಹಿಂದೆ ಸರಿದೆ. ಮೇಜೂ ನನ್ನ ಹಿಂದೆ ಹೊರಟಿತು.

"ಥಾಂಬಾ ಸರ್, ನಿಲ್ರಿ! ಅಳ್ಳಾಡಬ್ಯಾಡ್ರಿ!" ಪದ್ಮಾ ಕತ್ತರಿ ಹಿಡಿದು ಓಡಿ ಬಂದು ನನ್ನನ್ನು ಬಟ್ಟೆಯಿಂದ ಬಿಡಿಸಿದಳು. ಇನ್ನೊಬ್ಬಳು ನನ್ನ ಬೆರಳಿಗೆ ಪಟ್ಟಿ ಕಟ್ಟಿದಳು. ಇಬ್ಬರು ನೆಲ ಒರೆಸಿದರು.

ಪದ್ಮಾ ಮತ್ತೆ ಸೂಜಿ ಹಿಡಿದಳು. "ಹೊಟ್ಟಿ ಸ್ವಲ್ಪ ಒಳಗ ತಗೋರಿ, ಸರ್."

ತಗೊಂಡೆ. ಒಂದೇ ನಿಮಿಷದಲ್ಲಿ ಗುಂಡಿ ತನ್ನ ಜಾಗದಲ್ಲಿ ಕುಳಿತಿತು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ನನಗಲ್ಲ.

ಮನೆಯಲ್ಲಿ ಸುಮತಿ ಕೇಳಿದಳು, "ಹೆಂಗಾತ್ರಿ?"

"ಮಕ್ಕಳು ಭಾಳ ಕಲತ್ರು" ಎಂದೆ. ಸುಳ್ಳೇನಲ್ಲ!

ವಾರದ ಬಳಿಕ ಶಾಲೆಯಿಂದ ಕಾರ್ಯಕ್ರಮದ ವರದಿ ಬಂತು. ಮಕ್ಕಳು ಕಲಿತದ್ದು: ಪ್ರಥಮ ಚಿಕಿತ್ಸೆ, ಸಮಯಪ್ರಜ್ಞೆ, ನಗು ತಡೆದುಕೊಳ್ಳುವುದು. ಕಲಿಸಿದವರು: ಕುಮಾರಿ ಪದ್ಮಾ.

ನನ್ನ ಹೆಸರನ್ನು ಹುಡುಕಿದೆ. ಇತ್ತು! "ಬಳಸಿದ ಬೋಧನ ಸಾಮಗ್ರಿ" ಎಂಬಲ್ಲಿ, ಸೂಜಿ ಮತ್ತು ದಾರದ ನಂತರ.